ದವಾಖಾನೆಯ ಜಮಖಾನ

ಕಡಲು ಇಲ್ಲಿಂದ ಹತ್ತು ನಿಮಿಷದ ನಡಿಗೆ.
ಆ ನೀರು ಬೇಡ ಅಂದ ಪಾಸ್ಕೋಲ,
ಅದರಲ್ಲಿ ಮುಂಬಯಿ ಕರಗಿದೆ.
ಹಾಗಾಗಿ ಶನಿವಾರ ಶನಿವಾರ ರಾನಡೆ ರೋಡಿನ ಮೊದಲ ಮಹಡಿಯಲ್ಲಿ
ಎರಡು ಬಕೆಟ್ ಕಡಲು ಮಾಡುತ್ತೇನೆ ನಾನು:
ಸೋಸಿದ ನೀರು, ಪೊಟ್ಟಣದ ಉಪ್ಪು,
ಎಕ್ಸ್-ರೇ ಕೋಣೆಯ ಮೂಲೆಯಲ್ಲಿ
ರಾತ್ರಿಯಿಡೀ ಗುಳುಗುಳು ಕಲಕುವ ಒಂದು ಪಂಪು.
ಸಸೂನ್ ಡಾಕಿನಲ್ಲಿ ಮಂಜುಗಡ್ಡೆ ಒಡೆದ ಅಪ್ಪ
ಇದ್ದಿದ್ದರೆ ಕೇಳುತ್ತಿದ್ದ:
ಉಪ್ಪುನೀರಿಗೂ ದುಡ್ಡು ಕೊಟ್ಟೆಯಾ ಮಗಳೇ?

ಪೇಶಂಟುಗಳ ಎದೆಬಡಿತ ಇಳಿಯಲೆಂದು
ಫ್ರೇನಿ ಡಾಕ್ಟರು ತರಿಸಿದ್ದು.
ನಾಲ್ಕಡಿ ಗಾಜು, ನೀಲಿ ದೀಪ, ಕಲ್ಲು,
ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಕೋಡಂಗಿ ಮೀನು,
ಆಮೇಲೊಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ
ಒದ್ದೆ ಕಾಲೊರಸಿನ ಹಾಗೆ ಮುದುಡಿಕೊಂಡು, ಅದು.
ಅನೆಮೊನಿ ಅಂತ ಹೆಸರು. ನನ್ನ ಬಾಯಿಗೆ ಒಗ್ಗಲಿಲ್ಲ.
ಮೂರನೇ ದಿನ ಬಿಚ್ಚಿ ಹಾಸಿಕೊಂಡಿತು,
ತಟ್ಟೆಯಗಲ, ಪಾಚಿಹಸಿರು, ಮೈತುಂಬ ಕುಚ್ಚು.
ಜಮಖಾನ ಅಂದೆ. ಅದೇ ನಿಂತಿತು,
ಡಾಕ್ಟರ ಪಾರ್ಸಿ ಬಾಯಲ್ಲೂ.

ಪಾಸ್ಕೋಲ ಉತ್ತನದವನು, ಬಲೆ ಬಿಟ್ಟು ಗಾಜಿಗೆ ಬಂದವನು.
ಬರಿಗೈ ಹಾಕಬೇಡಿ, ಅಂಟುತ್ತದೆ.
ಅಂಟಿದರೆ ಎಳೆಯಬೇಡಿ, ಹರಿಯುವುದು ಅದರ ಮೈ,
ನಿಮ್ಮದಲ್ಲ.
ರಾತ್ರಿ ಹೊತ್ತು ನಡೆಯುತ್ತದೆ, ಪಂಪಿನ ಬಾಯಿಗೆ ಸ್ಪಂಜು ಕಟ್ಟಿ,
ಇಲ್ಲದಿದ್ದರೆ ಬೆಳಿಗ್ಗೆಗೆ ಚಟ್ನಿ.

ಗುಪ್ತೆ ಕಾಕಾ ಬಾಯಿ ಮುಚ್ಚುವವರಲ್ಲ.
ಬೆಸ್ಟ್ ಬಸ್ಸಿನಲ್ಲಿ ಮೂವತ್ತೆರಡು ವರ್ಷ
ಪುಢೆ ಚಲಾ, ಪುಢೆ ಚಲಾ ಎಂದು ಜನರನ್ನು ಮುಂದೆ ತಳ್ಳಿದವರು.
ಇದಕ್ಕೆ ರವೆ ಹಚ್ಚಿದರೆ ಹೇಗೆ, ಅದಕ್ಕೆ ಕೋಕಂ ಬಿಟ್ಟರೆ ಹೇಗೆ,
ಅಂದಹಾಗೆ ಈ ಚಾಪೆಗೆ ಹಲ್ಲೆಷ್ಟು?
ಒಂದೂ ಇಲ್ಲ, ಕಾಕಾ.
ನಡುಮಧ್ಯೆ ಒಂದೇ ಬಾಯಿ.
ಉಣ್ಣುವುದೂ ಅದರಲ್ಲೇ, ಮಿಕ್ಕಿದ್ದೂ ಅದರಲ್ಲೇ.
ಅದನ್ನು ಮಾತ್ರ ಹೇಳದೆ
ಮುಕ್ಕಳಿಸಲು ಲೋಟ ಕೊಟ್ಟೆ.

ದೀಪಾವಳಿಗೆ ಡಾಕ್ಟರು ತಾವೇ ಕುರ್ಲಾಕ್ಕೆ ಹೋಗಿ
ನೀಲಿ ಮೀನೊಂದು ತಂದರು, ಬೆರಳುದ್ದ.
ಸೋಮವಾರ ಬಾಗಿಲು ತೆಗೆದರೆ
ಜಮಖಾನ ಗಂಟು ಕಟ್ಟಿಕೊಂಡಿದೆ,
ಗಂಟಿನಿಂದಾಚೆ ಬಾಲದ ತುದಿ.
ಡಾಕ್ಟರು ಕೈಗವಸು ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು.
ಕೀಳುವುದೇ ಕಸುಬಾದ ಕೈ
ನೀರಿನ ಮೇಲೆ ಗೇಣುದ್ದಕ್ಕೆ ನಿಂತುಬಿಟ್ಟಿತು.
ಆ ದಿನದ ಮೊದಲ ಹಲ್ಲು ತಡವಾಯಿತು.

ಇಷ್ಟಕ್ಕೂ ಯಾರಿಗಾಗಿ ಹಾಸಿದ್ದೋ ಆ ಕೋಡಂಗಿಗಳು
ಐದು ತಿಂಗಳು ಅತ್ತ ಸುಳಿಯಲಿಲ್ಲ.
ಗಾಜಿಗಂಟಿದ ಥರ್ಮಾಮೀಟರೇ ಅವಕ್ಕೆ ತವರು.
ಹತ್ತಿ ಹಿಡಿಯುವ ಹಳೇ ಇಕ್ಕಳದಲ್ಲಿ ಸೀಗಡಿ ಚೂರು ಚಾಚಿದರೆ
ಕಸಿದು ಅಲ್ಲಿಗೇ ಓಟ.

ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಯಿತು.
ಒಳಗೆ ಕಾಕಾನ ದವಡೆಗೆ ಸೂಜಿ ಚುಚ್ಚಿ ಆಗಿತ್ತು.
ಡ್ರಿಲ್ಲು ನಿಂತಿತು. ಪಂಪು ನಿಂತಿತು.
ನೀರು ಹೆಪ್ಪು ಹಾಕಿದ ಹಾಗೆ ಸುಮ್ಮನಾಯಿತು.
ಉಸಿರು ಬೇಕಲ್ಲ. ಸ್ಟೀಲಿನ ಚೊಂಬು ತಗೊಂಡೆ,
ಮೊಗೆದೆ, ಎತ್ತರದಿಂದ ಸುರಿದೆ, ಮೊಗೆದೆ, ಸುರಿದೆ,
ಚಹಾ ಆರಿಸುವ ಹಾಗೆ, ಒಂದು ಗಂಟೆ.
ಡಾಕ್ಟರೂ ಬಂದರು ಇನ್ನೊಂದು ಚೊಂಬು ಹಿಡಿದು.
ರಟ್ಟೆ ಸೋಲುವ ಹೊತ್ತಿಗೆ ಕಾಕಾ,
ಕೊರಳಿಗೆ ನೀಲಿ ಕಾಗದ, ಕೆನ್ನೆಯಲ್ಲಿ ಹತ್ತಿ,
ತುಟಿ ಒಂದು ಕಡೆ ಜೋತು,
ಮೊಬೈಲಿನ ಬೆಳಕು ಹಿಡಿದು ನಿಂತರು.

ಅಊ ಅಂದರು. ಮತ್ತೆ ಅಊ.
ನೋವಿರಬೇಕೆಂದು ಡಾಕ್ಟರು, ಬಾಯಿ ತೆರೆಯಿರಿ ಅಂದರು.
ಅವರು ತೆರೆಯಲಿಲ್ಲ.
ನನ್ನ ಚೊಂಬು ಕಿತ್ತುಕೊಂಡು
ತಲೆ ಹಿಡಿದು ಗಾಜಿನತ್ತ ತಿರುಗಿಸಿದರು.

ದೊಡ್ಡ ಮೀನು, ಹೆಣ್ಣು,
ಜಮಖಾನದ ಅಂಚಿಗೆ ಬಾಲ ತಾಗಿಸಿ, ನಡುಗಿ, ಹಿಂದೆ ಸರಿದು,
ಹೊಟ್ಟೆ ತಾಗಿಸಿ, ಹಿಂದೆ ಸರಿದು,
ಉರಿಯನ್ನು ಚೂರುಚೂರೇ ರೂಢಿ ಮಾಡಿಕೊಳ್ಳುತ್ತಿತ್ತು.
ಗಂಡು ಇನ್ನೂ ಥರ್ಮಾಮೀಟರಿನ ಹತ್ತಿರವೇ.

ಕರೆಂಟು ಬಂತು. ಡಾಕ್ಟರು ಕೈ ತೊಳೆದು ಕರೆದರು.
ಕಾಕಾ ಏಳಲೊಲ್ಲರು.
ಗಾಜಿಗೆ ಮೂಗು ಹಚ್ಚಿ, ಜೊಲ್ಲು ಒರೆಸಿಕೊಳ್ಳುತ್ತ,
ಮರಗಟ್ಟಿದ ಅರ್ಧ ತುಟಿಯಲ್ಲಿ
ಆ ಗಂಡಿಗೆ ಹೇಳುತ್ತಲೇ ಇದ್ದರು:
ಉಢೆ ಚಲಾ. ಉಢೆ ಚಲಾ.