ಹಾಲು ಬತ್ತುವವರೆಗೆ

ಮೇವಿನಂಗಡಿ ಕೊಟ್ಟ ಕ್ಯಾಲೆಂಡರಿನಲ್ಲಿ
ಮೂರು ಸಲ ಪೆನ್ಸಿಲ್ ಗುರುತು ಹಾಕಿ
ಮೂರು ಸಲ ಬ್ರೆಡ್ಡಿನ ತುಣುಕಿನಿಂದ ಉಜ್ಜಿ ಅಳಿಸಿದ್ದೇನೆ.
ನವೆಂಬರು ಅಲ್ಲಲ್ಲಿ ತೆಳ್ಳಗಾಗಿದೆ.

ಎಸ್ಟ್ರೆಲಾ ಬೆಟ್ಟದ ಈ ಮಗ್ಗುಲಿಗೆ ಗುರುವಾರಕ್ಕೊಮ್ಮೆ
ಬಿಳಿ ವ್ಯಾನಿನಲ್ಲಿ ಡಾಕ್ಟರ್ ಕಿತೇರಿಯಾ ಬರುತ್ತಾಳೆ.
ಫಾಯಿಸ್ಕಾಳ ಹಲ್ಲು ನೋಡಿ, ಮೊಣಕಾಲು ಒತ್ತಿ, ಅಂದಳು:
"ದೊಡ್ಡ ಜಾತಿ. ಮೂಳೆ ಬಲಿಯಲಿ, ಅವಸರ ಬೇಡ.
ಹಾಗಂತ ಬೆದೆಯ ಮೇಲೆ ಬೆದೆ ದಾಟಿಸಿದರೆ
ಮೊಲೆಯಲ್ಲಿ ಗಂಟು ಕಟ್ಟುವ ಭಯ."
ಮತ್ತೆ ಯಾವಾಗ ಅಂದರೆ
"ನಡುವೆ," ಅಂದಳು, ಕೈ ತೊಳೆಯುತ್ತ.

ಗಂಟು ನನಗೆ ಗೊತ್ತು.
ಇವಳಿಗಿಂತ ಮೊದಲು ಇದ್ದವಳು ಮೊರೆನಾ.
ಚೆಸ್ಟ್‌ನಟ್ ಆಯುವ ತಿಂಗಳು, ತುಪ್ಪಳ ಬಾಚುತ್ತ
ಹೊಟ್ಟೆಯಡಿ ಸಿಕ್ಕಿದ್ದನ್ನು ಮುಳ್ಳುಕಾಯಿ ಅಂದುಕೊಂಡು
ಕೀಳಲು ಹೋದೆ.
ಅದು ಬರಲಿಲ್ಲ. ಅವಳು ಕೈ ನೆಕ್ಕಿದಳು.

ಆಚೆಮನೆಯ ಅಡೆರಿಟೋಗೆ ಇದೆಲ್ಲ ಹುಡುಗಾಟ.
"ಒಂದು ಸೂಲಾದರೂ ಆಗಲಿ, ದೆಯೊಲಿಂಡಾ,
ತೋಳ ಮತ್ತೆ ಇಳಿದಿದೆ, ನನಗೆರಡು ಮರಿ ಬೇಕು."
ಎರಡು ನಿನಗೆ. ಉಳಿದ ಏಳು?
ಅವನು ಹೊಳೆಯ ಕಡೆ ನೋಡಿದ,
ಅವನಪ್ಪ ನೋಡುತ್ತಿದ್ದ ಹಾಗೆಯೇ.

ಬೆದೆಗೆ ಬಂದಾಗ ಮೂರೂರಿನ ಗಂಡುನಾಯಿಗಳು
ಗೇಟಿನ ಹೊರಗೆ ಇಪ್ಪತ್ತು ದಿನ ಠಿಕಾಣಿ ಹೂಡಿದ್ದವು.
ಕುರಿಮನೆಗೆ ಬೀಗ ಜಡಿದು, ಬೀಗದಕೈ ಕೊರಳಿಗೆ ಕಟ್ಟಿಕೊಂಡು
ಮಲಗಿದೆ, ಹರೆಯದ ಮಗಳ ತಾಯಿಯ ಹಾಗೆ.
ಒಂದೂ ಒಳಗೆ ಬರಲಿಲ್ಲ, ಆಣೆ.

ಆದರೂ ಎರಡು ತಿಂಗಳಿಗೆ ಅವಳ ಮೊಲೆಯಲ್ಲಿ ಹಾಲು.
ನನ್ನ ಎಡಗಾಲಿನ ಉಣ್ಣೆಯ ಕಾಲುಚೀಲ ಕದ್ದು
ಒಲೆಯ ಹಿಂದೆ ಒಯ್ದು ಹೆತ್ತುಕೊಂಡಿದ್ದಾಳೆ.
ನೆಕ್ಕುತ್ತಾಳೆ, ಮಗ್ಗುಲಿಗೆ ಎಳೆದುಕೊಳ್ಳುತ್ತಾಳೆ,
ಹತ್ತಿರ ಹೋದರೆ ನನಗೇ ಗುರ್ರೆನ್ನುತ್ತಾಳೆ,
ಆಮೇಲೆ ನಾಚುತ್ತಾಳೆ.

"ಹಾಲು ಬತ್ತಲಿ, ಆಮೇಲೆ ಕೊಯ್ಯೋಣ,"
ಫೋನಿನಲ್ಲಿ ಡಾಕ್ಟರು.
ಸರಿ. ಒಂದೇ ಕಾಲುಚೀಲ ತೊಟ್ಟು ಕುರಿಹಾಲು ಕರೆದೆ,
ಮುಳ್ಳುಹೂವಿನ ರಸ ಬೆರೆಸಿ ಚೀಸಿಗೆ ಇಟ್ಟೆ.
ಹಾಲು ಒಡೆಯುವ ಹೊತ್ತು ಯಾವುದೆಂದು ಬೆರಳಿಗೆ ಗೊತ್ತು.
ಇದಕ್ಕೆ ಬೆರಳಿಲ್ಲ.

ಇವತ್ತು ಬೆಳಗ್ಗೆ ಕಾಲುಚೀಲ ಅಂಗಳದಲ್ಲಿ ಬಿದ್ದಿತ್ತು,
ಇಬ್ಬನಿ ಹೆಪ್ಪುಗಟ್ಟಿ ಕಟ್ಟಿಗೆಯಂತೆ ಸೆಟೆದು.
ಅದನ್ನು ದಾಟಿಕೊಂಡೇ ಅವಳು ಕುರಿಗಳ ಹಿಂದೆ ಹೋದಳು,
ತಿರುಗಿ ನೋಡಲಿಲ್ಲ.

ಕ್ಯಾಲೆಂಡರಿನಲ್ಲಿ ಈ ಸಲ ಪೆನ್ನಿನಲ್ಲೇ ಬರೆದೆ.
ಕಾಲುಚೀಲ ಒಗೆದು ಒಲೆಯ ಮೇಲೆ ಒಣಹಾಕಿದ್ದೇನೆ.
ಗುರುವಾರ ವ್ಯಾನಿಗೆ ಹಳೇ ಕಂಬಳಿ, ನೀರಿನ ಬಟ್ಟಲು,
ಎಚ್ಚರಾದಾಗ ಹುಡುಕಿದರೆ ಇರಲಿ ಅಂತ
ಅದೂ.