ಕೊಂಬಿನ ಇಳಿ

ಶುಕ್ರವಾರ ಸಂಜೆ ಆರಕ್ಕೆ ನಾನೇ ಬರೆದು ಕಳಿಸಿದ ವಾಕ್ಯ:
‘ಆವೃತ್ತಿ ಎರಡು ಪಾಯಿಂಟ್ ನಾಲ್ಕರವರೆಗೆ ಲೋಪವಿದೆ,
ಕೂಡಲೇ ಹೊಸದನ್ನು ಹಾಕಿಕೊಳ್ಳಿ.’
ಎರಡು ಸಲ ಓದಿ ನೋಡಿದೆ. ಚೆನ್ನಾಗಿಯೇ ಇತ್ತು.
ಲೈಟು ಆರಿಸಿ, ಸಾಲಗಾಮೆ ರಸ್ತೆಗಿಳಿದು
ಬಿಸಿ ಕಡಲೆಕಾಯಿ ತಿನ್ನುತ್ತ ಮನೆಗೆ ಹೋದೆ.

ಶನಿವಾರ ಇನ್ನೂ ಹಲ್ಲುಜ್ಜಿರಲಿಲ್ಲ, ಫೋನು.
ಕಟ್ಟಾಯದ ಕಡೆಯ ಮಹಿಳಾ ಹಾಲು ಸಂಘ, ಸೆಕ್ರೆಟರಿ ಹೊಂಬಮ್ಮ;
ತರಬೇತಿಗೆ ಹೋದಾಗ ನಾನೇ ಕೊಟ್ಟಿದ್ದ ನಂಬರು.
ಹಿಂದೆ ಕ್ಯಾನುಗಳ ಸದ್ದು, ಸಾಲು ತಪ್ಪಿದ್ದಕ್ಕೆ ಯಾರದೋ ಜಗಳ.
‘ಮೇಡಂ, ನಮ್ದು ಎರಡು ಪಾಯಿಂಟ್ ನಾಲ್ಕು.
ನಾವು ಒಳಗಾ, ಹೊರಗಾ?’

ಬಾಯಿ ತೆರೆದೆ. ಮಾತು ಬರಲಿಲ್ಲ.
ವರೆಗೆ.
ಸೋಮವಾರದವರೆಗೆ ರಜೆ ಅಂದರೆ
ಸೋಮವಾರ ಮಗುವಿಗೆ ಯೂನಿಫಾರಂ ಇಸ್ತ್ರಿ ಮಾಡಬೇಕೋ ಬೇಡವೋ?
ಹೊಳೆನರಸೀಪುರದವರೆಗೆ ಟಿಕೆಟ್ ಹರಿದ ಕಂಡಕ್ಟರು
ಇಳಿಸುವುದು ಊರೊಳಗೋ, ಊರ ಬಾಗಿಲಲ್ಲೋ?
ಇಷ್ಟು ವರ್ಷ ಈ ಪದವನ್ನು ನಂಬಿ ಬದುಕಿದ್ದೇನೆ.

‘ಇನ್ನೊಂದು,’ ಅಂದರು ಹೊಂಬಮ್ಮ,
‘ದೂರದಿಂದ ಯಾರಾದ್ರೂ ಫ್ಯಾಟ್ ಅಂಕಿ ತಿದ್ದಬಹುದು ಅಂತ ಬರ್ದಿದೀರ.
ಹತ್ರದೋರು ತಿದ್ದಿದ್ರೆ ಪರವಾಗಿಲ್ವಾ?
ನಮ್ಮಲ್ಲಿ ಅಂಥ ಕೆಲ್ಸ ಮಾಡೋರೆಲ್ಲ ಹತ್ರದೋರೇ.’

ಲೋಪ ಚಿಕ್ಕದು. ಪಾಸ್‌ವರ್ಡ್ ಕೇಳಬೇಕಾದ ಒಂದು ಕಡೆ
ಪ್ರೋಗ್ರಾಮು ಕೇಳುವುದಿಲ್ಲ, ಅಷ್ಟೆ.
ಮೂರು ಪಾಯಿಂಟ್ ಎರಡು ಹೋಗಿ ಆರು ಪಾಯಿಂಟ್ ಒಂದಾದರೆ
ಲೆಕ್ಕದಲ್ಲಿ ಒಬ್ಬಳ ಹಸು ರಾತ್ರೋರಾತ್ರಿ ಎಮ್ಮೆಯಾಗುತ್ತದೆ.
ಅದನ್ನು ಮುಚ್ಚಲು ಹುಡುಗರಿಗೆ ಒಂದು ಮಧ್ಯಾಹ್ನ ಸಾಕಾಯಿತು.
ನನ್ನ ವಾಕ್ಯದ ತೂತು ನನ್ನದೇ.

‘ಸುಮ್ನೆ ಬದಲಾಯಿಸಿಬಿಡಿ,’ ಅಂದರು ಧರಣೇಂದ್ರ,
‘ದಿನಾಂಕ ಮುಟ್ಟಬೇಡಿ. ಯಾರು ನೋಡ್ತಾರೆ?’
ಆದರೆ ಹಳೆಯ ವಾಕ್ಯ ಅಷ್ಟರಲ್ಲಿ ಊರೂರು ಸೇರಿತ್ತು.
ಪ್ರಿಂಟಾಗಿ, ಅನ್ನದ ಅಂಟಿನಲ್ಲಿ ಗೋಡೆಗಂಟಿ,
ಫೋಟೋ ಆಗಿ, ಫೋಟೋದ ಫೋಟೋ ಆಗಿ
ಯಾರ್ಯಾರದೋ ಜೇಬಿನಲ್ಲಿ.
ಅವು ಯಾವುವೂ ನನ್ನ ಮಾತು ಕೇಳುವುದಿಲ್ಲ.
ಸದ್ದಿಲ್ಲದೆ ಇಲ್ಲಿ ತಿದ್ದಿದರೆ
ಅಲ್ಲಿ ಗೋಡೆ ನೋಡಿ ನಿಂತವಳು ತನ್ನ ಕಣ್ಣನ್ನೇ ಅನುಮಾನಿಸಬೇಕು.

ನಾಲ್ಕು.
ನಾಲ್ಕೂ.
ಒಂದನೇ ಕ್ಲಾಸಿನಲ್ಲಿ ನನ್ನ ಬೆರಳು ಹಿಡಿದು
ಮರಳ ಮೇಲೆ ಎಳೆಸಿದ್ದು: ಕ ಕೊಂಬು ಕು,
ಕ ಕೊಂಬಿನ ಇಳಿ ಕೂ.
ಕೂ ಅನ್ನುವಾಗ ರೈಲು ಬಿಟ್ಟು ನಗುತ್ತಿದ್ದೆವು.
ಆ ಬಾಲದೊಳಗೆ ಒಂದಿಡೀ ಸಂಘ ಕೂರುತ್ತದೆಂದು ಯಾರೂ ಹೇಳಿರಲಿಲ್ಲ.

ಬರೆದೆ: ‘ಎರಡು ಪಾಯಿಂಟ್ ನಾಲ್ಕೂ ಸೇರಿ, ಅದರ ಹಿಂದಿನ ಎಲ್ಲವೂ.’
‘ದೂರದಿಂದ’ ಹೊಡೆದು ಹಾಕಿ
‘ಎಲ್ಲಿಂದಾದರೂ, ಪಕ್ಕದ ಕೋಣೆಯಿಂದಲೂ’ ಅಂತ ಸೇರಿಸಿದೆ.
ಅಡಿಯಲ್ಲಿ: ‘ತಿದ್ದುಪಡಿ ಒಂದು. ಲೋಪ ಅದೇ. ಹೇಳಿದ ರೀತಿ ತಪ್ಪಿತ್ತು.’
‘ತಪ್ಪಿತ್ತು’ ಬೇಡ, ‘ಸ್ಪಷ್ಟಪಡಿಸಲಾಗಿದೆ’ ಅನ್ನಿ ಎಂದರು ಧರಣೇಂದ್ರ.
ಯಾರು ಸ್ಪಷ್ಟಪಡಿಸಿದ್ದು, ಅಂದೆ.
ಅರ್ಧ ಗಂಟೆ. ಇಬ್ಬರ ಟೀಯೂ ಆರಿತು.
‘ತಪ್ಪಿತ್ತು’ ಉಳಿಯಿತು.

ಮಧ್ಯಾಹ್ನ ಹೊಂಬಮ್ಮನಿಂದ ಒಂದು ಫೋಟೋ.
ಹೊಸ ಪ್ರಿಂಟು ತೆಗೆಸಿಲ್ಲ, ಗೋಡೆಯ ಮೇಲೆ ಅದೇ ಹಳೆಯ ಹಾಳೆ.
‘ರವರೆಗೆ’ಗೆ ನೀಲಿ ಬಾಲ್‌ಪೆನ್ನಿನ ಒಂದೇ ಗೀಟು,
‘ಕ’ಕ್ಕೆ ಕೊಂಬು, ಕೊಂಬಿಗೆ ಇಳಿ,
ಕರುವಿಗೆ ಹಗ್ಗ ಸಡಿಲ ಬಿಟ್ಟ ಹಾಗೆ ಉದ್ದಕ್ಕೆ.
ಅಷ್ಟೇ ಅಲ್ಲ. ಕೆಳಗೆ ಸಹಾಯವಾಣಿಯ ಕೊನೆಯ ಅಂಕಿಗೊಂದು ಸುತ್ತು:
‘ಇದಕ್ಕೆ ಮಾಡಿದ್ರೆ ಅರಸೀಕೆರೆಯ ಯಾವುದೋ ಕೊಬ್ಬರಿ ಮಂಡಿ ಎತ್ತುತ್ತೆ.’

ತಿದ್ದುಪಡಿ ಎರಡು.
ಲೋಪ ಹುಡುಕಿದವರಿಗೆ ಕೃತಜ್ಞತೆ ಹೇಳುವ ಸಾಲಿನಲ್ಲಿ
ನಿಮ್ಮ ಹೆಸರು ಹಾಕಲೇ, ಎಂದು ಫೋನು ಮಾಡಿದೆ.
‘ಅಯ್ಯೋ ಬೇಡಿ, ಆಡಿಟ್‌ನೋರು ನಾನೇನೋ ಮಾಡಿದೀನಿ ಅನ್ಕೋತಾರೆ.
ಮೀಟಿಂಗಲ್ಲಿ ಕೇಳ್ತೀನಿ. ಸೋಮವಾರದವರೆಗೆ ಹಂಗೇ ಇರ್ಲಿ.’
ಸೋಮವಾರ ಸೇರಿಯಾ, ಅಂದೆ.
ಆ ಕಡೆ ಕ್ಯಾನುಗಳು ಬಂದಿದ್ದವು.