ಹದಿನೈದು ನಿಮಿಷದ ನೀರು

ತರಬೇತಿಯ ಪುಸ್ತಕದಲ್ಲಿ ಒಂದೇ ಸಾಲು:
ಕಚ್ಚಿದ ಜಾಗಕ್ಕೆ ಸೋಪು ಹಚ್ಚಿ
ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ.
ಬರೆದವರ ಮನೆಯಲ್ಲಿ ನಲ್ಲಿ ಇದ್ದಿರಬೇಕು.

ಇಲ್ಲಿ, ತುರ್ಕಾನದಲ್ಲಿ, ನೀರೆಂದರೆ
ಬತ್ತಿದ ಹೊಳೆಯ ಮರಳಲ್ಲಿ ಎರಡಾಳು ತೋಡಿದ ಗುಂಡಿ,
ತಳದಲ್ಲಿ ಕೂತು ಮೊಗೆಯುವ ಹುಡುಗಿ,
ಮೇಲೆ ಸಾಲುಗಟ್ಟಿದ ಹಳದಿ ಕ್ಯಾನು.

ಲೊಮುರಿಯನಿಗೆ ಏಳು ವರ್ಷ.
ಮೀನಖಂಡದಲ್ಲಿ ನಾಲ್ಕು ಗುರುತು,
ಎರಡು ಆಳ, ಎರಡು ಬರೀ ಗೀರು.
ಕಚ್ಚಿದ್ದು ಯಾರದೋ ನಾಯಿಯಲ್ಲ,
ರಾತ್ರಿ ಅವನ ಬೆನ್ನಿಗೆ ಬೆನ್ನು ತಾಗಿಸಿ ಮಲಗುತ್ತಿದ್ದದ್ದು.
ಎರಡು ದಿನದಿಂದ ಹಾಲು ಮುಟ್ಟಿರಲಿಲ್ಲ,
ದವಡೆ ಜೋತುಬಿದ್ದಿತ್ತು, ಅಂದರು.
ಆಮೇಲೆ ಅಂದರು.

ಅಜ್ಜಿ ಅಕೈ ಆಗಲೇ ಕೆಂಡದಲ್ಲಿ ಕಬ್ಬಿಣ ಇಟ್ಟಿದ್ದಳು.
ಒಬ್ಬ ಹೊಗೆಸೊಪ್ಪು ಅಗಿಯುತ್ತ ನಿಂತಿದ್ದ, ಗಾಯಕ್ಕೆ ಒತ್ತಲು.
ನಾಯಿಯ ಕೂದಲು ಸುಟ್ಟು ಹಚ್ಚು ಎಂದಳೊಬ್ಬಳು.
ಹೊಲಿದುಬಿಡು ನಪೆಯೊಕ್, ನಿನ್ನ ಚೀಲದಲ್ಲಿ ಸೂಜಿ ಇದೆಯಲ್ಲ?
ಸುಡಬೇಡಿ, ಹೊಲಿಗೆ ಬೇಡ, ಬಿಗಿದು ಕಟ್ಟಬೇಡಿ.
ನೀರು ಕೊಡಿ.

ಅಜ್ಜಿ ಒಂದು ಲೋಟ ತಂದಳು.
ಸಾಲದು ಅಂದೆ.
ಇದ್ದೊಂದು ಒಂಟೆಯನ್ನೂ ಕೇಳಿದವಳನ್ನು ನೋಡುವ ಹಾಗೆ
ನನ್ನನ್ನು ನೋಡಿದಳು.
ಆಮೇಲೆ ಕ್ಯಾನನ್ನೇ ಎಳೆದು ತಂದಳು.

ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ.
ಅದೇ ನಲ್ಲಿ. ಗಡಿಯಾರ ನನ್ನ ಫೋನು.
ಬಟ್ಟೆ ಒಗೆಯುವ ನೀಲಿ ಸೋಪು, ನೊರೆ,
ಹುಡುಗನ ಕಿರುಚಾಟ, ಮತ್ತೆ ನೊರೆ.
ಆರನೇ ನಿಮಿಷಕ್ಕೆ ಕ್ಯಾನು ಬರಿದು.

ಮೇಕೆಯ ಜಗಳದಲ್ಲಿ ಮಾತು ಬಿಟ್ಟಿದ್ದ ಅರೊಟ್
ತನ್ನ ಕ್ಯಾನನ್ನು ಧೊಪ್ಪೆಂದು ಇಟ್ಟು
ಬೇರೆ ಕಡೆ ನೋಡುತ್ತ ನಿಂತಳು.

ಹುಡುಗ ಅಳು ನಿಲ್ಲಿಸಿ ಕೇಳಿದ:
ನಾಯಿಯ ಬಾಯನ್ನು ಯಾರು ತೊಳೆಯುತ್ತಾರೆ?
ಈಟಿ ಹಿಡಿದವರು ಮುಳ್ಳುಬೇಲಿಯ ಆಚೆ ಹೋಗಿ
ಹೊತ್ತಾಗಿತ್ತು.
ನಾನು ಸೋಪು ತಿಕ್ಕುತ್ತಲೇ ಇದ್ದೆ.

ಹದಿಮೂರು. ಹದಿನಾಲ್ಕು.
ಕಾಲಿನಿಂದ ಇಳಿದ ನೀರು ಗೇಣುದ್ದ ಹರಿದು
ಮರಳಲ್ಲಿ ಇಂಗುತ್ತಿತ್ತು.
ಯಾರೂ ಮಾತಾಡಲಿಲ್ಲ. ಎಲ್ಲರೂ
ಆ ಒದ್ದೆ ಜಾಗವನ್ನೇ ನೋಡುತ್ತಿದ್ದರು.

ಅದೇ ರಾತ್ರಿ ಬೈಕಿನ ಮೇಲೆ ಲೊಡ್ವಾರಿಗೆ,
ನಮ್ಮಿಬ್ಬರ ನಡುವೆ ಅವನು, ಗಾಯ ಗಾಳಿಗೆ ಬಿಟ್ಟು.
ಗಾಯದ ಸುತ್ತ ಒಂದು ಮದ್ದು, ತೋಳಿಗೊಂದು ಚುಚ್ಚು,
ಮೂರನೆಯ ದಿನ ಮತ್ತೆ, ಏಳನೆಯ ದಿನ ಮತ್ತೆ.
ತಪ್ಪಿಸಬಾರದು ಎಂದು ಅವನ ಅಂಗೈ ಮೇಲೆ
ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟೆ.

ಈಗ ತಿಂಗಳ ಮೇಲಾಯಿತು. ಓಡಾಡಿಕೊಂಡಿದ್ದಾನೆ.
ಅರೊಟಳ ಕ್ಯಾನು ಮಾತ್ರ
ಇನ್ನೂ ಅಜ್ಜಿಯ ಗುಡಿಸಲ ಮುಂದೆಯೇ ಇದೆ.
ತುಂಬಿಸಿ ಹಿಂದಿರುಗಿಸಬೇಕು.
ಹಿಂದಿರುಗಿಸಿದರೆ
ಏನಾದರೊಂದು ಮಾತಾಡಬೇಕಾಗುತ್ತದೆ.